ಮಕ್ಕಳಾಗದಿದ್ದರೆ ತಪಾಸಣೆ ಇಬ್ಬರಿಗೂ ಬೇಕು



ಆಕಳು ಎರಡು ಮೂರು ಸಲ ಬೆದೆಗೆ ಬಂದು, ಹೋರಿಗೆ ಬಿಟ್ಟರೂ ಗಬ್ಬವಾಗದಿದ್ದರೆ ತಿಳಿದ ಒಕ್ಕಲಿಗನು ಏನು ಮಾಡುತ್ತಾನೆ? ಆಕಳನ್ನು ದನದ ದವಾಖಾನೆಗೆ ಹೊಡೆದುಕೊಂಡು ಹೋಗುತ್ತಾನೆ. ಅದರ ಜೊತೆಗೇ, ಅದೇ ಹೋರಿಗೆ ಬಿಟ್ಟ ಓಣಿಯ ಉಳಿದ ಆಕಳುಗಳು ಗಬ್ಬವಾಗಿವೆಯೋ ಇಲ್ಲವೋ ಎಂದು ನಾಲ್ಕು ಮನೆ ವಿಚಾರಿಸುತ್ತಾನೆ. ದೋಷ ಆಕಳಲ್ಲಿರಬಹುದು, ಹೋರಿಯಲ್ಲಿರಬಹುದು, ಎರಡರಲ್ಲೂ ಇರಬಹುದು ಎಂಬುದು ಅವನಿಗೆ ಗೊತ್ತು. ಕೊಟ್ಟಿಗೆಯಲ್ಲಿ ತೋರಿಸುವ ಈ ವಿವೇಕವನ್ನು ನಾವು ಮನೆಯೊಳಗೆ ತೋರಿಸುವದಿಲ್ಲ.

ಲಗ್ನವಾಗಿ ಎರಡು ಸುಗ್ಗಿ ಕಳೆದರೂ ಕುಬಸದ ಮಾತು ಬರದಿದ್ದರೆ ಊರ ಬಾಯಿ ತೆರೆಯುವದು ಸೊಸೆಯೊಬ್ಬಳ ಮೇಲೆಯೇ. ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊರುವವಳು ಅವಳು. ಯುಗಾದಿಯ ಹೊತ್ತಿಗೆ ಸಿರಸಂಗಿ ಕಾಳಮ್ಮನ ಜಾತ್ರೆಯಲ್ಲಿ ಉಡಿಯೊಡ್ಡಿ ನಿಲ್ಲುವವಳು ಅವಳು. ಯಾರೋ ಕೊಟ್ಟ ಬೇರು ಅರೆದು ಕುಡಿಯುವವಳೂ ಅವಳೇ. ಹರಕೆ ಅವರವರ ಭಕ್ತಿ. ಅದನ್ನು ಬಿಡಿರೆಂದು ಈ ಪಾಠ ಹೇಳುವದಿಲ್ಲ. ಆದರೆ ಕೆಲವು ವರ್ಷಗಳ ಮೇಲೆ ನೆಂಟರ ಮನೆಯ ಕುಬಸಕ್ಕೆ ಅವಳನ್ನು ಕರೆಯುವದು ನಿಲ್ಲುತ್ತದೆ. ತವರಿಗೆ ಕಳಿಸಿದವಳನ್ನು ತಿರುಗಿ ಕರೆತರುವದು ತಡವಾಗುತ್ತದೆ. ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಪಡಸಾಲೆಯಲ್ಲಿ ಏಳುತ್ತದೆ. ಇಷ್ಟೆಲ್ಲ ಆಗುವವರೆಗೆ ಗಂಡನ ತಪಾಸಣೆ ಒಂದು ಸಲವೂ ಆಗಿರುವದಿಲ್ಲ.

ದವಾಖಾನೆಯಲ್ಲಿ ಎಷ್ಟೋ ಸಲ ನಡೆಯುವ ಮಾತು ಹೀಗಿರುತ್ತದೆ. ಅತ್ತೆ ಸೊಸೆಯನ್ನು ಕರೆದುಕೊಂಡು ಬಂದಿರುತ್ತಾಳೆ.

“ಬಾಯಾರ, ನಾಕ ವರ್ಷ ಆತ್ರಿ. ಇಕಿಗೆ ಏನರ ಗುಳಿಗಿ ಕೊಡ್ರಿ.”

“ಆಗಲಿ ಯವ್ವಾ. ನಿಮ್ಮ ಮಗ ಬಂದಾನೇನು?”

“ಅಂವಾ ಹೊಲಕ್ಕ ಹೋಗ್ಯಾನ್ರಿ. ಅಂವಗೇನಾಗೇತಿ? ಜ್ವಾಳದ ಚೀಲ ಒಬ್ಬನ ಎತ್ತಿ ಒಗೀತಾನ.”

“ಚೀಲ ಎತ್ತೋ ಶಕ್ತಿ ಬ್ಯಾರೆ, ಇದು ಬ್ಯಾರೆ ಯವ್ವಾ. ಮುಂದಿನ ಸಲ ಇಬ್ಬರನ್ನೂ ಕೂಡಿ ಕಳಸ್ರಿ.”

ಸೊಸೆ ಇಷ್ಟು ಹೊತ್ತೂ ನೆಲ ನೋಡುತ್ತ ನಿಂತಿರುತ್ತಾಳೆ. ಡಾಕ್ಟರಬಾಯಿ ಹೇಳಿದ ಆ ಕೊನೆಯ ಮಾತನ್ನೇ ಈ ಪಾಠದಲ್ಲಿ ಬಿಡಿಸಿ ಹೇಳಬೇಕಾಗಿದೆ.

ಮೊದಲು ಲೆಕ್ಕ ನೋಡೋಣ. ಗಂಡಹೆಂಡಿರು ಕೂಡಿ ಬಾಳುತ್ತಿದ್ದು, ಗರ್ಭ ತಡೆಯುವ ಯಾವ ಉಪಾಯವನ್ನೂ ಮಾಡದೆ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯರು ತಪಾಸಣೆಗೆ ತಕ್ಕ ತೊಂದರೆಯೆಂದು ಎಣಿಸುತ್ತಾರೆ. ಜಗತ್ತಿನಲ್ಲಿ ಆರು ಜನರಲ್ಲಿ ಸುಮಾರು ಒಬ್ಬರಿಗೆ ಬಾಳಿನಲ್ಲಿ ಒಮ್ಮೆಯಾದರೂ ಈ ತೊಂದರೆ ಬರುವದೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು. ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ದೇಹದ ಕಾರಣವೂ ಇರುತ್ತದೆ. ಕೆಲವು ಕಡೆ ಅದೊಂದೇ ಇರುತ್ತದೆ. ಅಂದ ಮೇಲೆ ಹೆಂಡತಿಯನ್ನಷ್ಟೇ ಪರೀಕ್ಷಿಸುವದೆಂದರೆ ಅರ್ಧ ಹೊಲಕ್ಕೆ ಮಾತ್ರ ಕಳೆ ತೆಗೆದು ಇಡೀ ಹೊಲದ ರಾಶಿ ಕಾದಂತೆ.

ಈ ದುಃಖ ನಮ್ಮ ಸೀಮೆಗೆ ಹೊಸದಲ್ಲ, ಅರಮನೆಗೂ ತಪ್ಪಿದ್ದಲ್ಲ. ಕಿತ್ತೂರಿನ ಶಿವಲಿಂಗರುದ್ರ ಸರ್ಜನು 1824ರ ಸಪ್ಟೆಂಬರದಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದ ಕಲೆಕ್ಟರ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಮುಂದೆ 1824ರ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಬಿದ್ದದ್ದು, ಡಿಸೆಂಬರದಲ್ಲಿ ಕೋಟೆ ಕೈಬಿಟ್ಟದ್ದು, ರಾಣಿ ಚನ್ನಮ್ಮನವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದ್ದು ಎಲ್ಲರೂ ಬಲ್ಲ ಸಂಗತಿ. ಅರಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲವೆಂಬುದೇ ಪರರಿಗೆ ಸಂಸ್ಥಾನ ಕಸಿಯುವ ನೆವವಾಯಿತು. ಅಲ್ಲಿ ಮಕ್ಕಳೇಕೆ ಆಗಲಿಲ್ಲವೆಂದು ಆಗಿನ ಜಗತ್ತಿನ ಯಾವ ವೈದ್ಯನೂ ಹೇಳಬಲ್ಲವನಾಗಿರಲಿಲ್ಲ. ಹೆಣ್ಣಿನಲ್ಲಿ ಅಂಡವೆಂಬುದು ಇದೆಯೆಂಬುದನ್ನೇ ಆಗ ಯಾರೂ ಕಣ್ಣಾರೆ ಕಂಡಿರಲಿಲ್ಲ. ಫಾನ್ ಬೇರ್ ಎಂಬ ವಿಜ್ಞಾನಿಯು ಸೂಕ್ಷ್ಮದರ್ಶಕದ ಕೆಳಗೆ ನಾಯಿಯ ಅಂಡವನ್ನು ಮೊದಲ ಸಲ ಗುರುತಿಸಿದ್ದು 1827ರಲ್ಲಿ. ಚನ್ನಮ್ಮನವರು ಆಗ ಬೈಲಹೊಂಗಲದಲ್ಲಿ ಬಂಧಿಯಾಗಿದ್ದರು.

ಅಂಡ ಕಾಣದಿದ್ದ ಕಾಲದಲ್ಲಿ ಗಂಡು ಬೀಜ, ಹೆಣ್ಣು ಹೊಲ ಎಂಬ ಹೋಲಿಕೆ ಬೆಳೆದು ಬಂತು. ರೈತರಿಗೆ ಅದು ಬಹಳ ಹಿಡಿಸುವ ಮಾತು, ಆದರೆ ತಪ್ಪು ಮಾತು. ಮಗುವಿನ ಅರ್ಧ ಬೀಜ ತಾಯಿಯ ಅಂಡದಿಂದ, ಅರ್ಧ ತಂದೆಯ ವೀರ್ಯಾಣುವಿನಿಂದ. ಬೀಜವನ್ನು ಇಬ್ಬರೂ ಕೊಡುತ್ತಾರೆ. ಹೊಲದ ಕೆಲಸವನ್ನು ತಾಯಿ ಹೆಚ್ಚಿಗೆ ಮಾಡುತ್ತಾಳೆ, ಅಷ್ಟೇ.

ಇನ್ನು ಹಾರ್ಮೋನು ಎಂಬ ಮಾತು. ಡಾಕ್ಟರರ ಚೀಟಿಯಲ್ಲಿ, ಔಷಧದ ಅಂಗಡಿಯಲ್ಲಿ ಇದನ್ನು ನೀವು ಕೇಳಿರುತ್ತೀರಿ. ನಮ್ಮ ಮೈಯಲ್ಲಿ ಕೆಲವು ಗ್ರಂಥಿಗಳಿವೆ. ಅವು ಹುಟ್ಟಿಸುವ ರಸವು ನೇರವಾಗಿ ರಕ್ತದಲ್ಲಿ ಸೇರಿ ದೂರದ ಅಂಗಕ್ಕೆ ‘ಕೆಲಸ ಶುರು ಮಾಡು’, ‘ಸಾಕು ನಿಲ್ಲಿಸು’ ಎಂದು ಹೇಳಿ ಬರುತ್ತದೆ. ಆ ರಸಕ್ಕೆ ಹಾರ್ಮೋನು ಎಂದು ಹೆಸರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಚಿಕ್ಕದಾದ ಪಿಟ್ಯುಟರಿ ಗ್ರಂಥಿಯಿದೆ. ಹೆಣ್ಣಿನ ಅಂಡಾಶಯಕ್ಕೂ ಗಂಡಿನ ವೃಷಣಕ್ಕೂ ಅಪ್ಪಣೆ ಹೋಗುವದು ಅಲ್ಲಿಂದಲೇ. ನವಿಲುತೀರ್ಥದ ಕಟ್ಟೆಯಿಂದ ಕಾಲುವೆಗೆ ನೀರು ಬಿಡುವ ರೀತಿಯನ್ನು ನೆನೆಯಿರಿ. ಮೇಲೆ ಬಾಗಿಲು ಎತ್ತಿದರೆ ಕೆಳಗಿನ ಹೊಲಕ್ಕೆ ನೀರು. ಕೆಳಗೆ ಸಾಕಾಯಿತೆಂಬ ಸುದ್ದಿ ಮೇಲೆ ಮುಟ್ಟಿದರೆ ಬಾಗಿಲು ಇಳಿಯುತ್ತದೆ. ಮೈಯಲ್ಲಿಯೂ ಹಾಗೆಯೇ. ಅಂಡಾಶಯ ಮತ್ತು ವೃಷಣಗಳು ತಮ್ಮ ಹಾರ್ಮೋನನ್ನು ಹುಟ್ಟಿಸಿ ‘ಸಾಕು’ ಎಂಬ ಸುದ್ದಿಯನ್ನು ಪಿಟ್ಯುಟರಿಗೆ ಕಳಿಸುತ್ತವೆ. ಈ ಹೋಗಿಬರುವ ಸುದ್ದಿ ಕೆಟ್ಟರೆ ಅಂಗ ಗಟ್ಟಿಯಾಗಿದ್ದರೂ ಕೆಲಸ ನಿಲ್ಲುತ್ತದೆ. ಈ ಕಾಲುವೆಯ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಗರಡಿಯ ಹುಡುಗರ ಮಾತಿಗೆ ಬೇಕಾಗುತ್ತದೆ.

ಹೆಣ್ಣುಮಕ್ಕಳಲ್ಲಿ ತಿಂಗಳಿಗೊಂದು ಅಂಡ ಪಕ್ವವಾಗಿ ಹೊರಬೀಳುತ್ತದೆ. ಮುಟ್ಟಿನ ಮೊದಲ ದಿನದಿಂದ ಎಣಿಸಿ 28 ದಿನಕ್ಕೆ ಮುಟ್ಟಾಗುವವರಿಗೆ ಅದು ಸುಮಾರು 14ನೆಯ ದಿನ. ಅಂಡಕ್ಕೆ ಒಂದು ದಿನದ ಆಯುಷ್ಯ. ವೀರ್ಯಾಣು ಹೆಣ್ಣಿನ ಒಡಲಲ್ಲಿ ಐದು ದಿನಗಳವರೆಗೆ ಬದುಕಬಲ್ಲದು. ಆದ್ದರಿಂದ ಅಂಡ ಬೀಳುವ ದಿನ ಮತ್ತು ಅದರ ಹಿಂದಿನ ಐದು ದಿನಗಳೇ ಗರ್ಭ ನಿಲ್ಲುವ ದಿನಗಳು. ಗಂಡ ದುಡಿಯಲು ಗೋವೆಗೆ ಹೋಗಿ ಹಬ್ಬಕ್ಕೊಮ್ಮೆ ಬರುವ ಮನೆಗಳಲ್ಲಿ ಎಷ್ಟೋ ಸಲ ರೋಗವೇ ಇರುವದಿಲ್ಲ, ಈ ದಿನಗಳು ಕೂಡಿ ಬಂದಿರುವದಿಲ್ಲ. ಅಂಥ ಮನೆಯ ಸೊಸೆಯನ್ನು ಬಂಜೆಯೆನ್ನುವದು ಎಷ್ಟು ಅನ್ಯಾಯ!

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವದು, ಮುಖದ ಮೇಲೆ ಗಡುಸಾದ ಕೂದಲು, ಮೊಡವೆ, ಹೊಟ್ಟೆಯ ಸುತ್ತ ಬೊಜ್ಜು, ಕತ್ತಿನ ಹಿಂದೆ ಕಪ್ಪು ಪಟ್ಟೆ: ಇವು ಕೂಡಿ ಕಂಡರೆ ಪಿಸಿಓಡಿ ಎಂದು ಜನ ಹೇಳುವ ತೊಂದರೆ ಇರಬಹುದು. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಅಂಡಗಳು ಅರ್ಧ ಬಲಿತು ಅಲ್ಲಿಯೇ ನಿಲ್ಲುತ್ತವೆ. ತಪಾಸಣೆಯ ಚಿತ್ರದಲ್ಲಿ ನೀರಿನ ಗುಳ್ಳೆಗಳಂತೆ ಕಾಣುವದರಿಂದ ‘ಗಡ್ಡೆ ಇವೆ’ ಎಂದು ಹೆದರಿ ಶಸ್ತ್ರಕ್ರಿಯೆಗೆ ಓಡುವವರಿದ್ದಾರೆ. ಅವು ಗಡ್ಡೆಗಳಲ್ಲ, ಬಲಿಯದ ಅಂಡದ ಚೀಲಗಳು. ಬೊಜ್ಜು ಇದ್ದವರು ಮೈತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ಸರಿಯಾಗಿ ಅಂಡ ಬೀಳತೊಡಗುತ್ತದೆ. ಅಂದರೆ 70 ಕಿಲೋ ಇದ್ದವರು ಮೂರೂವರೆಯಿಂದ ಏಳು ಕಿಲೋ. ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು ನಮ್ಮ ಊಟವೇ ಇದಕ್ಕೆ ಒಳ್ಳೆಯದು. ಚಹದ ಸಕ್ಕರೆ, ಬಿಸ್ಕೀಟು, ಬಾಟಲಿಯ ಪಾನಕ ಕಡಿಮೆ ಮಾಡಬೇಕು. ಅದರಿಂದ ಆಗದಿದ್ದರೆ ಅಂಡ ಬಲಿಯುವ ಗುಳಿಗೆಗಳಿವೆ. ಅವನ್ನು ಡಾಕ್ಟರರ ಕಣ್ಣಿನ ಕೆಳಗೆ ಮಾತ್ರ ತೆಗೆದುಕೊಳ್ಳಬೇಕು. ನೆರೆಮನೆಯವಳಿಗೆ ಫಲಿಸಿತೆಂದು ಅವಳ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುವದು ಬೇಡ.

ಗಂಟಲ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿ ಮಂದವಾದರೂ ಮುಟ್ಟು ಕೆಡುತ್ತದೆ, ಗರ್ಭ ನಿಲ್ಲುವದಿಲ್ಲ ಇಲ್ಲವೆ ನಿಂತದ್ದು ಜಾರುತ್ತದೆ. ಸದಾ ದಣಿವು, ಚಳಿ ತಡೆಯದಿರುವದು, ಮೈ ಊದುವದು, ಮಲಬದ್ಧತೆ, ಕೂದಲು ಉದುರುವದು ಇದರ ಗುರುತು. ‘ಕೆಲಸಗಳ್ಳಿ’ ಎಂದು ಅತ್ತೆಯಿಂದ ಬೈಸಿಕೊಂಡವರಲ್ಲಿ ಕೆಲವರಿಗಾದರೂ ಇದೇ ಕಾರಣವಿದ್ದೀತು. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಚಿಕ್ಕ ಗುಳಿಗೆ ಅದಕ್ಕೆ ಔಷಧ. ಗರ್ಭ ನಿಂತ ಮೇಲೆ ಈ ಗುಳಿಗೆಯನ್ನು ಬಿಡಬಾರದು. ಆಗ ಅದು ಇನ್ನೂ ಹೆಚ್ಚಿಗೆ ಬೇಕಾಗುವದೇ ಬಹಳ, ಕೂಡಲೆ ಡಾಕ್ಟರರಿಗೆ ತಿಳಿಸಬೇಕು. ಅಡಿಗೆಗೆ ಅಯೋಡಿನ್ ಉಪ್ಪನ್ನೇ ಬಳಸಿರಿ.

ಹೆರದೆ ಇದ್ದವಳಿಗೂ ಮೊಲೆಯಲ್ಲಿ ಹಾಲು ಒಸರಿದರೆ ನಾಚಿ ಮುಚ್ಚಿಡಬಾರದು. ಹಾಲಿನ ಹಾರ್ಮೋನು ಮಿತಿಮೀರಿದ ಗುರುತು ಅದು. ವಾಂತಿಗೆ, ಹೊಟ್ಟೆಯುಬ್ಬರಕ್ಕೆ ಕೊಡುವ ಡೊಂಪೆರಿಡೋನ್‌ನಂಥ ಗುಳಿಗೆಗಳಿಂದಲೂ ಹೀಗಾಗುವದುಂಟು. ಅದಕ್ಕೂ ಔಷಧವಿದೆ.

ಹಾರ್ಮೋನಿಗೆ ಸಂಬಂಧವಿಲ್ಲದಿದ್ದರೂ ನಮ್ಮ ದೇಶದಲ್ಲಿ ಹೇಳಲೇಬೇಕಾದ ಇನ್ನೊಂದು ಕಾರಣ ಕ್ಷಯ. ಕ್ಷಯವೆಂದರೆ ಕೆಮ್ಮು ಎಂದೇ ತಿಳಿದಿದ್ದೇವೆ. ಅದು ಅಂಡನಾಳಕ್ಕೂ ಹತ್ತುತ್ತದೆ, ಕೆಮ್ಮೇ ಇಲ್ಲದೆ ಒಳಗೊಳಗೆ ನಾಳವನ್ನು ಮುಚ್ಚಿಬಿಡುತ್ತದೆ. ಮುಟ್ಟು ತೀರ ಕಡಿಮೆಯಾಗುತ್ತ ಬಂದರೆ, ಮನೆಯಲ್ಲಿ ಮೊದಲು ಯಾರಿಗಾದರೂ ಕ್ಷಯವಾಗಿದ್ದರೆ ಅದನ್ನು ಡಾಕ್ಟರರಿಗೆ ಹೇಳಿರಿ. ಸರಕಾರಿ ದವಾಖಾನೆಯಲ್ಲಿ ಕ್ಷಯದ ಔಷಧಕ್ಕೆ ದುಡ್ಡಿಲ್ಲ. ಹೊಲಸು ಕೈಯಿಂದ ಮಾಡಿದ ಗರ್ಭಪಾತದ ನಂಜೂ ನಾಳವನ್ನು ಹೀಗೆಯೇ ಮುಚ್ಚುತ್ತದೆ.

ಈಗ ಗಂಡಸರ ಮಾತು. ಇದನ್ನು ಓದುವವರಲ್ಲಿ ಗಂಡಸರೇ ಹೆಚ್ಚಿರಬಹುದಾದ್ದರಿಂದ ಸ್ವಲ್ಪ ಬಿಚ್ಚಿಯೇ ಹೇಳಬೇಕು. ಗಂಡಸುತನ ಬೇರೆ, ವೀರ್ಯಾಣು ಬೇರೆ. ದೇಹ ಗಟ್ಟಿಯಾಗಿದ್ದು, ಹೆಂಡತಿಯೊಡನೆ ಕೂಡುವದರಲ್ಲಿ ಏನೂ ಕೊರತೆಯಿಲ್ಲದವನ ವೀರ್ಯದಲ್ಲಿಯೂ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ಕಣ್ಣಿನಿಂದ ನೋಡಿ ಇದನ್ನು ತಿಳಿಯಲಾಗದು; ಸೂಕ್ಷ್ಮದರ್ಶಕವೇ ಬೇಕು. ಈ ಪರೀಕ್ಷೆ ಹೆಂಗಸಿನ ಪರೀಕ್ಷೆಗಳಿಗಿಂತ ಅಗ್ಗ, ನೋವಿಲ್ಲದ್ದು, ಚುಚ್ಚುವದೂ ಇಲ್ಲ ಕೊಯ್ಯುವದೂ ಇಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು, ಪ್ರಯೋಗಶಾಲೆಯವರು ಕೊಟ್ಟ ಡಬ್ಬಿಯಲ್ಲಿ ವೀರ್ಯವನ್ನು ಹಿಡಿದು ಒಂದು ತಾಸಿನೊಳಗೆ ಕೊಡಬೇಕು. ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ಅಥವಾ ಅದಕ್ಕೂ ಹೆಚ್ಚು ವೀರ್ಯಾಣುಗಳಿದ್ದು, ಅವುಗಳಲ್ಲಿ ನೂರಕ್ಕೆ 42ಕ್ಕೆ ಕಡಿಮೆಯಾಗದಂತೆ ಚಲಿಸುತ್ತಿದ್ದರೆ ಅದು ಸಾಮಾನ್ಯ ಮಟ್ಟವೆಂದು ಜಾಗತಿಕ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಲೆಕ್ಕ. ಅದಕ್ಕೆ ಕಡಿಮೆಯಿದ್ದರೆ ಮಕ್ಕಳೇ ಆಗುವದಿಲ್ಲವೆಂದಲ್ಲ, ಕಷ್ಟವಾದೀತು ಎಂದರ್ಥ.

ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಅಂದರೆ ಹೆಸರು ಬಿತ್ತಿ ಬಿಡಿಸುವಷ್ಟು ಕಾಲ. ಇಂದಿನ ಪರೀಕ್ಷೆಯಲ್ಲಿ ಕಾಣುವದು ಎರಡೂವರೆ ತಿಂಗಳ ಹಿಂದಿನ ಬಿತ್ತನೆ. ಹಿಂದೆ ಒಂದು ದೊಡ್ಡ ಜ್ವರ ಬಂದಿದ್ದರೆ ಈಗ ಎಣಿಕೆ ಕಡಿಮೆ ಬಂದೀತು. ಆದ್ದರಿಂದ ಮೊದಲ ಪರೀಕ್ಷೆ ಕೆಟ್ಟು ಬಂದರೆ ಎದೆಗುಂದದೆ ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕು. ತಂಬಾಕು, ಗುಟಕಾ, ಸೆರೆ ಬಿಟ್ಟವರಿಗೂ ಫಲ ಕಾಣಲು ಇಷ್ಟೇ ಕಾಲ ಹಿಡಿಯುವದು; ಎಂಟು ದಿನ ಬಿಟ್ಟು ‘ಏನೂ ಆಗಲಿಲ್ಲ’ ಎನ್ನಬಾರದು.

ಗರಡಿಯ ಹುಡುಗರ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಕುಸ್ತಿಗೆ ಮೊದಲಿನಿಂದಲೂ ಮಾನವಿದೆ. ಈಗ ಜಿಮ್ಮುಗಳೂ ಬಂದಿವೆ. ಬೇಗ ಮೈ ಕಟ್ಟಲೆಂದು ಕೆಲವರು ಗಂಡು ಹಾರ್ಮೋನಿನ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ರಕ್ತದಲ್ಲಿ ಹಾರ್ಮೋನು ತುಂಬಿ ‘ಸಾಕು’ ಎಂಬ ಸುದ್ದಿ ಪಿಟ್ಯುಟರಿಗೆ ಮುಟ್ಟುತ್ತದೆ, ಅದು ಬಾಗಿಲು ಇಳಿಸುತ್ತದೆ, ವೃಷಣಕ್ಕೆ ಅಪ್ಪಣೆ ನಿಲ್ಲುತ್ತದೆ. ತೋಳು ಉಬ್ಬುತ್ತದೆ, ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಶೂನ್ಯಕ್ಕೆ ಇಳಿಯುತ್ತದೆ. ಬಿಟ್ಟ ಮೇಲೆ ಬಹಳ ಜನರಿಗೆ ತಿಂಗಳುಗಟ್ಟಲೆ ಕಾಲದಲ್ಲಿ ತಿರುಗಿ ಬರುತ್ತದೆ, ಎಲ್ಲರಿಗೂ ಅಲ್ಲ. ‘ಶಕ್ತಿ ಕಡಿಮೆ’ ಎಂದು ಮಕ್ಕಳಿಲ್ಲದವನಿಗೆ ಇದೇ ಸೂಜಿ ಚುಚ್ಚುವ ಅರೆವೈದ್ಯರೂ ಇದ್ದಾರೆ. ಇದು ಬಾಯಾರಿದವನಿಗೆ ಉಪ್ಪು ನೀರು ಕುಡಿಸಿದಂತೆ.

ವೃಷಣದ ಮೇಲಿನ ನರಗಳು, ಹೆಚ್ಚಾಗಿ ಎಡಗಡೆ, ಹುಳುಗಳ ಗಂಟಿನಂತೆ ಉಬ್ಬಿದ್ದರೆ ಅದಕ್ಕೆ ಚಿಕ್ಕ ಶಸ್ತ್ರಕ್ರಿಯೆಯಿದೆ. ಪ್ರಾಯ ಬಂದ ಮೇಲೆ ಮಂಗಬಾವು ಆಗಿ ವೃಷಣ ಬಾತಿದ್ದರೆ ಹೇಳಬೇಕು. ವೃಷಣಗಳು ಮೈಗಿಂತ ತಂಪಾಗಿರಬೇಕೆಂದೇ ಹೊರಗೆ ತೂಗುತ್ತಿವೆ. ಬೆಲ್ಲದ ಗಾಣದ ಒಲೆಯ ಮುಂದೆ, ಇಟ್ಟಿಗೆ ಭಟ್ಟಿಯಲ್ಲಿ ದಿನವೆಲ್ಲ ನಿಲ್ಲುವವರು ನಡುನಡುವೆ ಎದ್ದು ಗಾಳಿಗೆ ಬರಬೇಕು. ತಾಯಂದಿರು ಇನ್ನೊಂದನ್ನು ನೋಡಬೇಕು: ಗಂಡುಕೂಸಿಗೆ ಆರು ತಿಂಗಳಾದರೂ ಬೀಜವೆರಡೂ ಚೀಲಕ್ಕೆ ಇಳಿಯದಿದ್ದರೆ ಡಾಕ್ಟರರಿಗೆ ತೋರಿಸಿ ಒಂದೂವರೆ ವರ್ಷದೊಳಗೆ ಸರಿಪಡಿಸಬೇಕು. ‘ದೊಡ್ಡವನಾದ ಮೇಲೆ ಇಳಿದೀತು’ ಎಂದು ಬಿಟ್ಟರೆ ಅವನ ಲಗ್ನವಾದ ಮೇಲೆ ಅದರ ಫಲ ಕಾಣುವದು.

ಹೊಲದ ಔಷಧದ ಬಗ್ಗೆ ಒಂದು ನಡೆದ ಸಂಗತಿ ಕೇಳಿರಿ. ಬೇರಿನ ಜಂತುಹುಳುವಿಗೆ ಮಣ್ಣಿನಲ್ಲಿ ಹಾಕುವ ಡಿಬಿಸಿಪಿ ಎಂಬ ಔಷಧವನ್ನು ಅಮೇರಿಕೆಯ ಕ್ಯಾಲಿಫೋರ್ನಿಯದ ಒಂದು ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಅಲ್ಲಿಯ ಕೆಲಸಗಾರರಿಗೆ ತಮ್ಮಲ್ಲಿ ಬಹಳ ಜನರಿಗೆ ಮಕ್ಕಳಾಗುತ್ತಿಲ್ಲವೆಂದು ಮಾತಿನಲ್ಲಿ ಹೊಳೆಯಿತು. 1977ರಲ್ಲಿ ಪರೀಕ್ಷಿಸಿ ನೋಡಿದರೆ ಹಲವರ ವೀರ್ಯದಲ್ಲಿ ವೀರ್ಯಾಣು ತೀರ ಕಡಿಮೆ ಅಥವಾ ಇಲ್ಲವೇ ಇಲ್ಲ. ಆ ಔಷಧ ಬಿಟ್ಟ ಮೇಲೆ ಕೆಲವರು ಸರಿಹೋದರು, ಕೆಲವರು ಹೋಗಲಿಲ್ಲ. 1979ರಲ್ಲಿ ಅಲ್ಲಿ ಅದರ ಬಹುಪಾಲು ಬಳಕೆ ನಿಂತಿತು. ನಮ್ಮ ದೇಶದಲ್ಲಿಯೂ ಅದು ನಿಷಿದ್ಧ. ಹತ್ತಿಗೆ, ಕಬ್ಬಿಗೆ ಹೊಡೆಯುವ ಎಲ್ಲ ಔಷಧವೂ ಹೀಗೆಯೇ ಎಂದು ಹೇಳಲಾಗದು. ಆದರೆ ಬರಿಗೈಯಿಂದ ಕಲಸುವದು, ಬೆನ್ನ ಮೇಲೆ ಸೋರುವ ಪಂಪು ಹೊರುವದು, ಗಾಳಿಗೆ ಎದುರಾಗಿ ಹೊಡೆಯುವದು, ಅದೇ ಅಂಗಿಯಲ್ಲಿ ಮನೆಗೆ ಬಂದು ಮಲಗುವದು ಇವನ್ನು ಇಂದೇ ಬಿಡಬೇಕು. ಔಷಧ ತಾಗಿದ ಬಟ್ಟೆಯನ್ನು ಹೆಂಡತಿಯ ಸೀರೆಯೊಡನೆ ನೆನೆಹಾಕಬೇಡಿರಿ.

ಎರಡನೆಯ ಲಗ್ನದ ಮಾತನ್ನು ಇಲ್ಲಿಯೇ ತೀರಿಸೋಣ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1946ರ ಕಾಯದೆಯಿಂದ ಹಿಂದೂ ಗಂಡಸು ಹೆಂಡತಿಯಿರುವಾಗ ಇನ್ನೊಬ್ಬಳನ್ನು ಲಗ್ನವಾಗುವದು ನಿಷಿದ್ಧವಾಯಿತು. 1955ರ ಹಿಂದೂ ವಿವಾಹ ಕಾಯದೆ ಅದನ್ನು ದೇಶಕ್ಕೆಲ್ಲ ತಂದಿತು. ಮಕ್ಕಳಾಗಲಿಲ್ಲವೆಂಬುದು ಸೋಡಚೀಟಿಗೂ ಕಾರಣವಾಗದು. ಕಾಯದೆಯನ್ನು ಬದಿಗಿಟ್ಟು ನೋಡಿದರೂ, ಕಾರಣ ಗಂಡನಲ್ಲಿದ್ದರೆ ಎರಡನೆಯವಳೂ ಹೆರುವದಿಲ್ಲ. ಒಬ್ಬಳ ಕಣ್ಣೀರು ಇಬ್ಬರದಾಗುತ್ತದೆ.

ಗುಳಿಗೆ, ಶಸ್ತ್ರಕ್ರಿಯೆಗಳಿಂದ ಆಗದಿದ್ದಾಗ ದೇಹದ ಹೊರಗೆ ಅಂಡ ಮತ್ತು ವೀರ್ಯಾಣುಗಳನ್ನು ಕೂಡಿಸುವ ವಿಧಾನವಿದೆ. ಇಂಗ್ಲಂಡದಲ್ಲಿ 1978ರ ಜುಲೈ 25ರಂದು ಹೀಗೆ ಮೊದಲ ಮಗು ಹುಟ್ಟಿತು. ಅದೇ ವರ್ಷ ಅಕ್ಟೋಬರ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಮಗು. ಇದು ಬಹಳ ವೆಚ್ಚದ ಹಾದಿ, ಪ್ರತಿ ಸಲವೂ ಫಲಿಸುವದಿಲ್ಲ. 2021ರ ಕಾಯದೆಯಂತೆ ಇಂಥ ದವಾಖಾನೆ ನೋಂದಣಿಯಾಗಿರಲೇಬೇಕು. ನೋಂದಣಿ ಪತ್ರ ಕೇಳದೆ, ಗಂಡನ ಪರೀಕ್ಷೆಯೂ ಆಗದೆ ಎಕರೆ ಹೊಲ ಮಾರಿ ಹೋಗಬೇಡಿರಿ.

ದತ್ತಕವನ್ನು ಸೋಲೆಂದು ತಿಳಿಯುವವರು ಸಿರಸಂಗಿಯಲ್ಲಿ ಇರಬಾರದು. ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ ಸಿರಸಂಗಿ ದೇಸಗತಿಗೆ ದತ್ತಕರಾಗಿ ಬಂದ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಕಾಲೇಜಿಗೆ ಅವರ ಹೆಸರಿದೆ. ಥ್ಯಾಕರೆಯ ಕಾಲ ಹೋಯಿತು: 1956ರ ಕಾಯದೆಯಂತೆ ಹೆಂಡತಿಯ ಒಪ್ಪಿಗೆಯಿಂದ ಗಂಡುಮಗುವನ್ನಾಗಲಿ ಹೆಣ್ಣುಮಗುವನ್ನಾಗಲಿ ದತ್ತಕ ತೆಗೆದುಕೊಳ್ಳಬಹುದು.

ತಪಾಸಣೆಗೆ ಯಾವಾಗ ಹೋಗಬೇಕು? ಒಂದು ವರ್ಷ ಕಾಯ್ದ ಮೇಲೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಅಂಡಗಳು ಹುಟ್ಟುವಾಗಲೇ ಎಣಿಸಿ ಇಟ್ಟವು, ವಯಸ್ಸಾದಂತೆ ತೀರುತ್ತ ಹೋಗುತ್ತವೆ. ಮುಟ್ಟು ಬಹಳ ಏರುಪೇರಾಗಿದ್ದರೆ ವರ್ಷ ಕಾಯುವದೂ ಬೇಡ. ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಚೀಟಿ ತೆಗೆದುಕೊಂಡು ತಾಲೂಕ ದವಾಖಾನೆಗೆ, ಬೇಕಾದರೆ ಬೆಳಗಾವಿಗೆ. ಗಂಡಹೆಂಡಿರಿಬ್ಬರೂ ಒಂದೇ ದಿನ ಹೋಗಿರಿ. ಹಿಂದಿನ ಮೂರು ಮುಟ್ಟಿನ ಮೊದಲ ದಿನಗಳನ್ನು ಪಂಚಾಂಗದಲ್ಲಿ ಗುರುತು ಮಾಡಿ ಒಯ್ಯಿರಿ. ಇಬ್ಬರೂ ತಿನ್ನುತ್ತಿರುವ ಗುಳಿಗೆಗಳ ಖಾಲಿ ಚೀಟಿಗಳು ಜೊತೆಗಿರಲಿ. ಹೊಲಕ್ಕೆ ಯಾವ ಔಷಧ ಹೊಡೆಯುತ್ತೀರೆಂದು ಡಬ್ಬಿ ನೋಡಿ ಅದರ ಹೆಸರನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿರಿ. ಡಾಕ್ಟರರು ತಾವಾಗಿ ಕೇಳದಿದ್ದರೂ ತೋರಿಸಿರಿ.